ಒಂದೇ ನಟ್ಟಿನ ಚಕ್ರ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮೋಟಾರು ಗಾಡಿಯ ಚಕ್ರಕ್ಕೇನು ಕೆಲಸವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಹೊಲಿಗೆ, ಸಂಗೀತ, ಶಿಶುಪಾಲನೆ ಮುಂತಾದ ವಿಷಯಗಳಿಗೆ ಒಗ್ಗಿದ ಈ ಪುಟಗಳಲ್ಲಿ ಕಬ್ಬಿಣದ ಮಾತು ತುಸು ಕರ್ಕಶವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಹಾಗೆ ಕೇಳುವವರಿಗೆ ಮೊದಲು ಒಂದು ಸಂಗತಿಯನ್ನು ಅರಿಕೆಮಾಡುವೆನು.

೧೯೩೫ನೆಯ ಇಸವಿಯ ಜೂನ್ ತಿಂಗಳಲ್ಲಿ ಫ್ರಾನ್ಸ್ ದೇಶದ ಲ ಮಾನ್ ಎಂಬಲ್ಲಿ ೨೪ ಗಂಟೆಗಳ ಮೋಟಾರು ಪಂದ್ಯವು ನಡೆಯಿತು. ಅದರಲ್ಲಿ ಮೂರು ಚಿಕ್ಕ ಎಂ. ಜಿ. ಗಾಡಿಗಳನ್ನು ಆರು ಮಂದಿ ಸ್ತ್ರೀಯರು, ಗಾಡಿಗೆ ಇಬ್ಬರಂತೆ, ಹಗಲೂ ರಾತ್ರಿಯೂ ಸರದಿಯಿಂದ ನಡಿಸಿದರು. ಡೊರೀನ್ ಎವನ್ಸ್, ಮಾರ್ಗರೆಟ್ ಆಲನ್, ಆಸ್ಟ್ರೇಲಿಯ ದೇಶದ ಜೋನ್ ರಿಚ್ಮಂಡ್ ಮೊದಲಾದವರು ಆ ತಂಡದಲ್ಲಿದ್ದರು. ಅವರ ಮೇಲ್ವಿಚಾರಕನಾಗಿದ್ದವನು ಜಾರ್ಜ್ ಐಸ್ಟನ್ ಎಂಬ ಪ್ರಸಿದ್ಧ ಚಾಲಕನು. ಪತ್ರಿಕೆಗಳವರು ವಿನೋದಕ್ಕಾಗಿ ಈ ತಂಡವನ್ನು ‘ನರ್ತಿಸುವ ಕುಮಾರಿಯರು’ ಎಂದು ಕರೆದರು. ದೊಡ್ಡ ದೊಡ್ಡ ಗಾಡಿಗಳು ಅನೇಕವು ನಡುವೆಯೇ ಕೆಟ್ಟು ನಿಂತ ಆ ಪಂದ್ಯದಲ್ಲಿ ಈ ಮೂರು ಗಾಡಿಗಳೂ ಕಡೆಯ ತನಕ ಓಡಿ ಗುರಿಮುಟ್ಟಿದವು.

ಆ ಗಾಡಿಗಳ ಒಂದೊಂದು ಚಕ್ರವನ್ನೂ ಅಚ್ಚಿನ ತುದಿಯಲ್ಲಿ ಹಿಡಿದಿದ್ದುದು ಒಂದೇ ಒಂದು ನಟ್ಟು. ನಮ್ಮ ಎತ್ತಿನ ಬಂಡಿಗೆ ಕಡೆಗೀಲು ಹೇಗೋ ಆ ಗಾಡಿಗೆ ಆ ನಟ್ಟು ಹಾಗೆ. ಕಡೆಗೀಲು ಜಾರಿದ ಬಂಡಿ ಹೊಲದ ದಾರಿಯಲ್ಲಿ ಪಕ್ಕಕ್ಕೆ ವಾಲಿ ನಿಲ್ಲುವುದು. ಆದರೆ ಗಂಟೆಗೆ ೬೦ ಮೈಲಿ ಓಡುವ ಗಾಡಿಯ ಚಕ್ರ ಕಳಚಿದರೆ ಒಳಗಿರುವವರಿಗೂ ದಾರಿಯಲ್ಲಿ ನಡೆಯುವವರಿಗೂ ಪ್ರಾಣಾಪಾಯ. ಹೀಗಿರುವಾಗ ಒಂದೇ ನಟ್ಟನ್ನು ನಂಬಿ ಜನರು ಹೇಗೆ ಕುಳಿತರು, ಆ ನಂಬಿಕೆಗೆ ಆಧಾರವೇನು, ಅದು ಯಾವಾಗ ಸುಳ್ಳಾಗುವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಾವು ಶಾಲೆಯಲ್ಲಿ ಕಲಿತ ತಿರುಪು, ಘರ್ಷಣೆ, ಎಳೆತ ಎಂಬ ಮೂರು ಪಾಠಗಳೂ ಈ ಒಂದು ಚಕ್ರದಲ್ಲಿ ಒಟ್ಟಾಗಿ ಸಿಕ್ಕುವವು.

ಗಾಡಿಯ ಕುಲಗೋತ್ರ

ಎಂ. ಜಿ. ಎಂಬುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದ ‘ಮಾರಿಸ್ ಗ್ಯಾರೇಜಸ್’ ಎಂಬ ಹೆಸರಿನ ಮೊದಲಕ್ಷರಗಳು. ಅಲ್ಲಿ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರನು ಸಾಧಾರಣ ಗಾಡಿಗಳ ಭಾಗಗಳಿಂದಲೇ ಹಗುರವೂ ಚುರುಕೂ ಆದ ಕ್ರೀಡಾ ಗಾಡಿಗಳನ್ನು ಮಾಡಿಸತೊಡಗಿದನು. ೧೯೨೯ರಿಂದ ಈ ಕೆಲಸವು ಹತ್ತಿರದ ಆಬಿಂಗ್ಡನ್ ಊರಿನಲ್ಲಿ ನಡೆಯಿತು. ಎರಡನೆಯ ಮಹಾಯುದ್ಧವು ಮುಗಿದೊಡನೆ, ೧೯೪೫ರಿಂದ ೧೯೪೯ರ ವರೆಗೆ, ಅಲ್ಲಿ ‘ಟಿ. ಸಿ.’ ಎಂಬ ಮಾದರಿಯ ಸುಮಾರು ೧೦,೦೦೦ ಗಾಡಿಗಳು ತಯಾರಾದವು. ಅವುಗಳ ಚಕ್ರಗಳು ೧೯ ಅಂಗುಲದವು. ದೊಡ್ಡ ಬೈಸಿಕಲ್ಲಿನ ಚಕ್ರಗಳಂತೆಯೇ ತೋರುವವು. ೧೯೬೨ರಿಂದ ೧೯೮೦ರ ವರೆಗೆ ‘ಎಂ. ಜಿ. ಬಿ.’ ಎಂಬ ಮಾದರಿಯು ಐದು ಲಕ್ಷಕ್ಕೂ ಹೆಚ್ಚಾಗಿ ತಯಾರಾಯಿತು. ಕೊಳ್ಳುವವರು ಅಪೇಕ್ಷಿಸಿದರೆ ಅದಕ್ಕೂ ೧೪ ಅಂಗುಲದ, ೬೦ ಕಡ್ಡಿಗಳ ತಂತಿ ಚಕ್ರಗಳನ್ನು ಹಾಕಿಕೊಡುತ್ತಿದ್ದರು. ಆಬಿಂಗ್ಡನ್ನಿನ ಕಾರ್ಖಾನೆಯು ೧೯೮೦ರಲ್ಲಿ ಮುಚ್ಚಿತು. ಇಂದು ನಮ್ಮ ಬೀದಿಗಳಲ್ಲಿ ಅದೇ ಹೆಸರಿನಿಂದ ಓಡುವ ಹೊಸ ಗಾಡಿಗಳು ಬೇರೆ ಬಗೆಯವು; ಅವುಗಳ ಒಂದೊಂದು ಚಕ್ರಕ್ಕೂ ಹಲವು ಬಿಗಿಗಳಿರುವವು. ಇಲ್ಲಿ ಹೇಳುವುದೆಲ್ಲ ಆ ಹಳೆಯ ತಂತಿ ಚಕ್ರಗಳ ವಿಷಯವೆಂದು ತಿಳಿಯತಕ್ಕದ್ದು.

ತಂತಿ ಕಡ್ಡಿಗಳು ಭಾರವನ್ನು ಹೊರುವ ಬಗೆ

ಬಂಡಿಯ ಚಕ್ರದಲ್ಲಿ ಮರದ ಅರೆಕಾಲುಗಳು ಕಂಬಗಳಂತೆ ನಿಂತು ಭಾರವನ್ನು ಹೊರುವವು. ತಂತಿಯೋ ಕಂಬವಾಗಲಾರದು, ಅದನ್ನು ಎರಡು ತುದಿಗಳಿಂದ ಒತ್ತಿದರೆ ಹುಲ್ಲುಕಡ್ಡಿಯಂತೆ ಬಾಗುವುದು. ಆದರೆ ಎಳೆದರೆ ಅದೇ ತಂತಿ ಬಹಳ ಬಲವುಳ್ಳದ್ದು. ಈ ಗುಣವನ್ನು ಚಕ್ರಕ್ಕೆ ಉಪಯೋಗಿಸಬಹುದೆಂದು ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ ಎಂಬವನು ೧೮೦೮ರಲ್ಲಿ, ತನ್ನ ಹಾರುವ ಯಂತ್ರಕ್ಕೆ ಹಗುರವಾದ ಚಕ್ರವನ್ನು ಹುಡುಕುತ್ತಿರುವಾಗ, ಯೋಚಿಸಿದನು. ಎಲ್ಲಾ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದಿಟ್ಟರೆ, ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಎಳೆತವು ಸ್ವಲ್ಪ ಕಡಿಮೆಯಾಗುವುದು. ಆ ಕಡಿಮೆಯಾದ ಎಳೆತವೇ ಭಾರವನ್ನು ಹೊತ್ತಂತಾಯಿತು. ಯಾವ ಕಡ್ಡಿಯೂ ಎಂದೂ ಪೂರ್ಣವಾಗಿ ಸಡಿಲವಾಗಬಾರದೆಂಬುದೇ ಇದರ ಮೂಲ ನಿಯಮ.

ಒಂದು ಕಡ್ಡಿ ಸಡಿಲವಾದರೆ ಅದರ ಪಾಲಿನ ಕೆಲಸವು ನೆರೆಯ ಕಡ್ಡಿಗಳ ಮೇಲೆ ಬೀಳುವುದು. ಅವು ಹೆಚ್ಚು ದಣಿದು ಒಂದಾದ ಮೇಲೊಂದು ತುಂಡಾಗುವವು. ಇದನ್ನು ಕಂಡುಕೊಳ್ಳುವುದಕ್ಕೆ ಯಂತ್ರಶಿಲ್ಪಿಯೇ ಬೇಕಾಗಿಲ್ಲ. ಸಂಗೀತದ ಕಿವಿಯಿದ್ದರೆ ಸಾಕು. ಒಂದು ಚಮಚದಿಂದ ಒಂದೊಂದೇ ಕಡ್ಡಿಯನ್ನು ಮೆಲ್ಲಗೆ ತಟ್ಟುತ್ತಾ ಚಕ್ರವನ್ನು ಸುತ್ತಿಬರಬೇಕು. ಬಿಗಿಯಾದ ಕಡ್ಡಿ ತಂಬೂರಿಯ ತಂತಿಯಂತೆ ನುಡಿಯುವುದು. ಸಡಿಲವಾದದ್ದು ಮಡಕೆಯ ಚೂರಿನಂತೆ ಮಂಕಾಗಿ ಸದ್ದುಮಾಡುವುದು. ಮಂಕು ಸದ್ದಿನ ಕಡ್ಡಿ ಒಂದಿದ್ದರೂ ಅದನ್ನು ಬಲ್ಲವರಿಂದ ಸರಿಪಡಿಸಿಕೊಳ್ಳತಕ್ಕದ್ದು. ಒಂದನ್ನೇ ತಿರುಗಿಸಿ ಬಿಗಿದರೆ ಚಕ್ರವು ಸೊಟ್ಟಗಾಗಬಹುದಾದ್ದರಿಂದ ಈ ಕೆಲಸಕ್ಕೆ ಅಭ್ಯಾಸವು ಅವಶ್ಯ.

ಕಡ್ಡಿಗಳ ತುದಿಗಳು ಹೊರಬಳೆಯ ತೂತುಗಳಲ್ಲಿ ಕುಳಿತಿರುವುದರಿಂದ ಇಂತಹ ಚಕ್ರದಲ್ಲಿ ಗಾಳಿ ನಿಲ್ಲದು. ಆದಕಾರಣ ಟೈರಿನೊಳಗೆ ಟ್ಯೂಬು ಇರಲೇಬೇಕು. ಕಡ್ಡಿಯ ತುದಿಗಳು ಟ್ಯೂಬನ್ನು ಉಜ್ಜದಂತೆ ನಡುವೆ ರಬ್ಬರಿನ ಪಟ್ಟಿಯೂ ಇರಬೇಕು. ಇದೊಂದು ಪಟ್ಟಿಯನ್ನು ಮರೆತದ್ದರಿಂದ ಟ್ಯೂಬು ಒಡೆಯಬಹುದು.

ಒಂದೇ ನಟ್ಟು ಬಂದ ಕಾರಣ

ಮೋಟಾರಿನ ಮೊದಲ ದಿನಗಳಲ್ಲಿ ದಾರಿಗಳು ಕುದುರೆಯ ಲಾಳದ ಮೊಳೆಗಳಿಂದ ತುಂಬಿದ್ದವು. ಟೈರು ತೂತಾದರೆ ಚಕ್ರವನ್ನು ಗಾಡಿಯಲ್ಲಿಯೇ ಇಟ್ಟುಕೊಂಡು, ದಾರಿಯ ಧೂಳಿನಲ್ಲಿ ಕುಳಿತು ಟೈರನ್ನು ಬಿಚ್ಚಬೇಕಾಗಿತ್ತು. ಇಡೀ ಚಕ್ರವನ್ನೇ ಕ್ಷಣಮಾತ್ರದಲ್ಲಿ ಕಳಚಿ ಬೇರೊಂದನ್ನು ಹಾಕುವ ಉಪಾಯವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಾವೆಂಟ್ರಿ ಪಟ್ಟಣದ ರಡ್ಜ್-ವಿಟ್‌ವರ್ತ್ ಎಂಬ ಸೈಕಲ್ ಕಾರ್ಖಾನೆಯ ಜಾನ್ ಪ್ಯೂ ಎಂಬವನು ಪರಿಪೂರ್ಣಗೊಳಿಸಿದನು. ಅದರ ಅನುಕೂಲವು ಎಷ್ಟಿತ್ತೆಂದರೆ ೧೯೦೮ರ ಫ್ರೆಂಚ್ ಗ್ರಾಂಡ್ ಪ್ರೀ ಪಂದ್ಯದಲ್ಲಿ ಅದಕ್ಕೆ ಅನುಮತಿಯೇ ದೊರೆಯಲಿಲ್ಲ. ಆ ಚಕ್ರಗಳನ್ನು ತೊಡಿಸಿದ್ದ ಇಂಗ್ಲೆಂಡಿನ ನೇಪಿಯರ್ ಗಾಡಿಗಳು ಪಂದ್ಯದಿಂದ ಹಿಂದೆಗೆದವು. ಮುಂದೆ ಅದೇ ಬಗೆಯ ಚಕ್ರವು ಕ್ರೀಡಾ ಗಾಡಿಗಳ ಗುರುತೇ ಆಯಿತು.

ಅದರ ರಚನೆ ಹೀಗಿದೆ. ಅಚ್ಚಿನ ತುದಿಯಲ್ಲಿ ಹಬ್ ಎಂಬ ಉಕ್ಕಿನ ಕೊಳವೆಯುಂಟು. ಅದರ ಹೊರಮೈಯಲ್ಲಿ ಉದ್ದುದ್ದಕ್ಕೆ ಸಣ್ಣ ಹಲ್ಲುಗಳನ್ನು ಕೆತ್ತಿರುವರು. ಚಕ್ರದ ನಾಭಿಯ ಒಳಮೈಯಲ್ಲಿಯೂ ಅಂತಹವೇ ಹಲ್ಲುಗಳಿವೆ. ಎರಡೂ ಬೆರಳಿಗೆ ಬೆರಳು ಹೆಣೆದಂತೆ ಕೂಡಿಕೊಳ್ಳುವವು. ಎಂಜಿನಿನ ಬಲವೂ ಬ್ರೇಕಿನ ತಡೆಯೂ ಈ ಹಲ್ಲುಗಳ ಮೂಲಕವೇ ಚಕ್ರಕ್ಕೆ ತಲಪುವವು. ಹಬ್ಬಿನ ಕೊನೆಯಲ್ಲಿ ತಿರುಪು ಇದ್ದು ಅದರ ಮೇಲೆ ದೊಡ್ಡ ನಟ್ಟು ಕುಳಿತು ಚಕ್ರವನ್ನು ಒಳಕ್ಕೆ ಒತ್ತಿ ಹಿಡಿಯುವುದು. ನಟ್ಟಿಗೆ ಎರಡು ಕಿವಿಗಳು. ಆ ಕಿವಿಗೆ ಸುತ್ತಿಗೆಯಿಂದ ಹೊಡೆದು ಬಿಗಿಯುವುದು, ಹೊಡೆದು ಬಿಚ್ಚುವುದು.

ಲಟ್ಟಣಿಗೆಯೂ ಬಳೆಯೂ

ಈಗ ಮುಖ್ಯವಾದ ಪ್ರಶ್ನೆ: ಸಾವಿರಾರು ಸಾರಿ ತಿರುಗುವ ಚಕ್ರದ ಮೇಲೆ ಆ ನಟ್ಟು ತಾನಾಗಿ ಬಿಚ್ಚಿಕೊಳ್ಳುವುದಿಲ್ಲವೇಕೆ? ಇದರ ಉತ್ತರವನ್ನು ಅಡಿಗೆಮನೆಯಲ್ಲಿಯೇ ನೋಡಬಹುದು. ಲಟ್ಟಣಿಗೆಯೊಂದನ್ನು ಅಡ್ಡಲಾಗಿ ಹಿಡಿದು ಅದಕ್ಕೊಂದು ಬಳೆಯನ್ನು ತೂಗುಹಾಕಿರಿ. ಎರಡೂ ತಾಗುವ ಜಾಗದಲ್ಲಿ ಲಟ್ಟಣಿಗೆಗೂ ಬಳೆಗೂ ಸುಣ್ಣದ ಚುಕ್ಕೆಯನ್ನಿಡಿರಿ. ಲಟ್ಟಣಿಗೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರೆ ಬಳೆಯೂ ಜೊತೆಯಲ್ಲಿ ತಿರುಗುವುದು. ಆದರೆ ಅದರ ಸುತ್ತಳತೆ ಹೆಚ್ಚಾದ್ದರಿಂದ ಪೂರ್ತಿ ಸುತ್ತು ಬರಲಾರದೆ ಹಿಂದೆ ಬೀಳುವುದು. ಲಟ್ಟಣಿಗೆಯ ದೃಷ್ಟಿಯಿಂದ ನೋಡಿದರೆ ಬಳೆಯು ಹಿಂದಕ್ಕೆ ತಿರುಗಿದಂತಾಯಿತು.

ಎಂ. ಜಿ. ಗಾಡಿಯ ತಂತಿ ಚಕ್ರದಲ್ಲಿ ನಾಭಿಯ ಹೊರತುದಿಯು ಇಳಿಜಾರಾಗಿರುವುದು. ನಟ್ಟಿನ ಒಳಮೈ ಅದಕ್ಕೆ ಹೊಂದುವಂತೆ ತೋಡಲ್ಪಟ್ಟು ಅದರ ಮೇಲೆ ಬಳೆಯಂತೆ ಕೂಡುವುದು. ಎಷ್ಟು ಬಿಗಿದರೂ ಗಾಡಿಯ ಭಾರಕ್ಕೆ ಲೋಹವು ಕೂದಲೆಳೆಯಷ್ಟು ಸರಿಯುವುದರಿಂದ, ಚಕ್ರವು ಉರುಳುವಾಗ ನಟ್ಟು ಹಿಂದೆ ಬೀಳಲು ಹವಣಿಸುವುದು. ಈ ಹಿಂದೆ ಬೀಳುವ ದಿಕ್ಕೇ ಬಿಗಿಯುವ ದಿಕ್ಕಾಗುವಂತೆ ತಿರುಪನ್ನು ಕೊರೆದಿರುವುದರಲ್ಲಿಯೇ ಜಾಣತನವಿರುವುದು. ಗಾಡಿಯ ಎಡಬದಿಯ ಹಬ್ಬಿಗೆ ಸಾಧಾರಣವಾದ ಬಲ ತಿರುಪು, ಬಲಬದಿಯ ಹಬ್ಬಿಗೆ ಅದಕ್ಕೆ ವಿರುದ್ಧವಾದ ಎಡ ತಿರುಪು. ಹೀಗಾಗಿ ಗಾಡಿ ಮುಂದೆ ಮುಂದೆ ಓಡಿದಂತೆ ನಟ್ಟು ಸಡಿಲವಾಗುವ ಬದಲು ಬಿಗಿಯಾಗಲು ಒಲಿಯುವುದು.

ಇದನ್ನು ನೆನಪಿಡಲು ಒಂದು ಸುಲಭವಾದ ಸೂತ್ರವುಂಟು. ನಟ್ಟಿನ ಮೇಲ್ಗಡೆಯ ಕಿವಿಯನ್ನು ಗಾಡಿಯ ಹಿಂಭಾಗದ ಕಡೆಗೆ ಹೊಡೆದರೆ ಬಿಗಿಯುವುದು; ಮುಂಭಾಗದ ಕಡೆಗೆ ಹೊಡೆದರೆ ಬಿಚ್ಚುವುದು. ಎಡಬದಿಗೂ ಬಲಬದಿಗೂ ಇದೊಂದೇ ಸೂತ್ರ ಸಾಕು. ಆದರೆ ಇದು ಇಂತಹ ಹಲ್ಲಿನ ಹಬ್ಬುಳ್ಳ ತಂತಿ ಚಕ್ರಗಳಿಗೆ ಮಾತ್ರ. ಬೇರೆ ಬಗೆಯ ಚಕ್ರಗಳಲ್ಲಿ ಇದಕ್ಕೆ ವಿರುದ್ಧವೂ ಇರಬಹುದು.

ರಕ್ಷಕನೇ ಭಕ್ಷಕನಾಗುವ ಸಂದರ್ಭ

ಗಾಡಿಯನ್ನು ಪೂರ್ತಿಯಾಗಿ ಬಿಚ್ಚಿ ಬಣ್ಣ ಹಾಕಿಸಿ ಮರಳಿ ಜೋಡಿಸುವಾಗ ಎಡದ ಹಬ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆಂದು ಊಹಿಸೋಣ. ಎರಡೂ ನೋಟಕ್ಕೆ ಒಂದೇ ಆಗಿರುವುದರಿಂದ ಇದು ಅಪರೂಪದ ತಪ್ಪಲ್ಲ. ಆಯಾ ಹಬ್ಬಿಗೆ ತಕ್ಕ ನಟ್ಟು ಸರಿಯಾಗಿಯೇ ಕುಳಿತುಕೊಳ್ಳುವುದು. ಸುತ್ತಿಗೆಯ ಪೆಟ್ಟಿಗೆ ಬಿಗಿಯಾಗಿಯೂ ನಿಲ್ಲುವುದು. ನಿಂತಿರುವ ಗಾಡಿಯಲ್ಲಿ ಯಾವ ದೋಷವೂ ಕಾಣದು. ಆದರೆ ಹೊರಟ ಮೇಲೆ, ಇದುವರೆಗೆ ಬಿಗಿಯುತ್ತಿದ್ದ ಅದೇ ಶಕ್ತಿಯು ಪ್ರತಿ ಸುತ್ತಿನಲ್ಲಿಯೂ ನಟ್ಟನ್ನು ಬಿಚ್ಚಲು ತೊಡಗುವುದು. ಚಾಲಕನಿಗೆ ಗೊತ್ತಾಗುವಷ್ಟರಲ್ಲಿ ನಟ್ಟು ದಾರಿಯ ಪಾಲಾಗಿರುವುದು. ಆದಕಾರಣ ಹಳೆಯ ಗಾಡಿಯನ್ನು ಕೊಂಡವರೂ ರಿಪೇರಿಯಿಂದ ಮನೆಗೆ ತಂದವರೂ ಮೇಲೆ ಹೇಳಿದ ಸೂತ್ರದಿಂದ ನಾಲ್ಕೂ ನಟ್ಟುಗಳನ್ನು ತಾವೇ ಪರೀಕ್ಷಿಸತಕ್ಕದ್ದು. ಮೇಲಿನ ಕಿವಿಯನ್ನು ಹಿಂದಕ್ಕೆ ಹೊಡೆದಾಗ ಯಾವ ನಟ್ಟಾದರೂ ಬಿಚ್ಚಿದರೆ ಆ ಗಾಡಿ ಒಂದು ಗಜವೂ ಚಲಿಸಕೂಡದು.

ನಟ್ಟನ್ನು ಬದಲಾಯಿಸುವಾಗಲೂ ಎಚ್ಚರ ಬೇಕು. ಎಂ. ಜಿ. ಬಿ. ಮಾದರಿಯ ಮೊದಲ ಗಾಡಿಗಳಲ್ಲಿ ಹಬ್ಬಿನ ತಿರುಪು ಅಂಗುಲಕ್ಕೆ ೧೨ ಸುತ್ತು. ತರುವಾಯದವುಗಳಲ್ಲಿ ೮ ಸುತ್ತು. ನಟ್ಟುಗಳು ಹೊರಗಿನಿಂದ ಅವಳಿಗಳಂತೆ ಕಾಣುವವು. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲಾತ್ಕಾರದಿಂದ ತಿರುಗಿಸಿದರೆ ಎರಡೂ ಹಾಳು.

ಇನ್ನು ಹಲ್ಲುಗಳ ವಿಷಯ. ನಟ್ಟು ಸಡಿಲವಾಗಿದ್ದರೆ ಅಥವಾ ಗ್ರೀಸಿಲ್ಲದೆ ತುಕ್ಕು ಹಿಡಿದರೆ ಹಲ್ಲುಗಳು ಒಂದನ್ನೊಂದು ತಿನ್ನುವವು. ಚಪ್ಪಟೆಯಾಗಿರಬೇಕಾದ ಅವುಗಳ ತಲೆ ಸವೆದು ಗರಗಸದಂತೆ ಚೂಪಾಗುವುದು. ಗಾಡಿ ಹೊರಡುವಾಗಲೂ ನಿಲ್ಲುವಾಗಲೂ ‘ಟಕ್’ ಎಂಬ ಸದ್ದು ಕೇಳಿಸುವುದೇ ಇದರ ಮೊದಲ ಎಚ್ಚರಿಕೆ. ಇದನ್ನು ಅಲಕ್ಷಿಸಿದರೆ ಒಂದು ದಿನ ಹಲ್ಲುಗಳು ಪೂರ್ತಿ ಕಿತ್ತುಹೋಗಬಹುದು. ಆಗ ಬ್ರೇಕು ಹಬ್ಬನ್ನು ನಿಲ್ಲಿಸುವುದು. ಚಕ್ರವು ಮಾತ್ರ ನಿಲ್ಲದೆ ಉರುಳುವುದು. ಬ್ರೇಕು ಸರಿಯಾಗಿದ್ದೂ ಗಾಡಿ ನಿಲ್ಲದಿರುವ ಈ ಅವಸ್ಥೆಗಿಂತ ಭಯಂಕರವಾದದ್ದು ಯಾವುದು? ಸವೆದ ಹಬ್ಬಿನ ಮೇಲೆ ಹೊಸ ಚಕ್ರವನ್ನು ಹಾಕಿ ಹಣ ಉಳಿಸಲೆಳಸುವವರು ಆ ಹೊಸ ಚಕ್ರವನ್ನೂ ಬೇಗನೆ ಕಳೆದುಕೊಳ್ಳುವರು. ಹಬ್ಬನ್ನೂ ಜೊತೆಯಲ್ಲಿ ಬದಲಾಯಿಸುವುದೇ ಲೇಸು.

ಕಿವಿಗಳೂ ಸೆರಗೂ

ಚಕ್ರದಿಂದ ಹೊರಕ್ಕೆ ಚಾಚಿ ತಿರುಗುವ ನಟ್ಟಿನ ಕಿವಿಗಳು ನೋಡಲು ಅಂದವಾದರೂ ದಾರಿಯ ಬದಿಯಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಅಪಾಯಕರವೆಂದು ಕಂಡು, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೬೮ನೆಯ ಇಸವಿಯ ಆರಂಭದಿಂದ ಹೊಸ ಗಾಡಿಗಳಿಗೆ ಅಂತಹ ಕಿವಿಗಳನ್ನು ನಿಷೇಧಿಸಿದರು. ಆಬಿಂಗ್ಡನ್ನಿನವರು ಅಲ್ಲಿಗೆ ಕಳುಹಿಸುವ ಗಾಡಿಗಳಿಗೆ ಎಂಟು ಮೂಲೆಯ ನಟ್ಟನ್ನು ಹಾಕಿ, ಅದನ್ನು ತಿರುಗಿಸಲು ಬೇರೊಂದು ಸ್ಪ್ಯಾನರನ್ನು ಒದಗಿಸಿದರು. ಆ ನಿಯಮವನ್ನು ೧೯೯೬ರಲ್ಲಿ ತೆಗೆದುಹಾಕಿದರಾದರೂ ಎಂಟು ಮೂಲೆಯ ನಟ್ಟನ್ನೇ ಮೆಚ್ಚಿ ಉಳಿಸಿಕೊಂಡವರು ಬಹು ಮಂದಿ.

ತೆರೆದ ಗಾಡಿಯಲ್ಲಿ ಕುಳಿತವರಿಗೂ ಚಕ್ರವು ದೂರವಲ್ಲ. ೧೯೨೭ನೆಯ ಇಸವಿಯ ಸೆಪ್ಟೆಂಬರ್ ೧೪ರಂದು ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಲೋಕಪ್ರಸಿದ್ಧ ನರ್ತಕಿಯಾದ ಇಸಡೋರಾ ಡಂಕನ್ ತಂತಿ ಚಕ್ರಗಳ ಅಮಿಲ್ಕಾರ್ ಎಂಬ ತೆರೆದ ಗಾಡಿಯಲ್ಲಿ ಹೊರಟಳು. ಕೊರಳಿಗೆ ಸುತ್ತಿದ್ದ ಉದ್ದನೆಯ ರೇಷ್ಮೆ ವಸ್ತ್ರದ ತುದಿಯು ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಲುಕಿ ಆಕೆ ಪ್ರಾಣವನ್ನು ಕಳೆದುಕೊಂಡಳು. ಈ ದುರಂತವು ಸೀರೆಯ ಸೆರಗನ್ನೂ ದುಪಟ್ಟವನ್ನೂ ಧರಿಸುವ ನಮಗೆ ಪರರ ಕಥೆಯಲ್ಲ. ನಮ್ಮ ದೇಶದಲ್ಲಿ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರದ ಅರ್ಧಭಾಗಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿರುವುದು ಹಿಂದೆ ಕುಳಿತವರ ಬಟ್ಟೆ ಸಿಲುಕದಿರಲೆಂದೇ. ತಗ್ಗಾದ ತೆರೆದ ಗಾಡಿಯಲ್ಲಿ ಅಂತಹ ಮರೆ ಸಾಲದಾದ್ದರಿಂದ, ಹತ್ತಿದೊಡನೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಡಿಲಲ್ಲಿ ಒತ್ತಿ ಕುಳಿತುಕೊಳ್ಳತಕ್ಕದ್ದು. ಮದುವೆಯ ಮೆರವಣಿಗೆಗೆ ಹಳೆಯ ಗಾಡಿಯನ್ನು ತರಿಸುವವರು ಇದನ್ನು ವಿಶೇಷವಾಗಿ ನೆನೆಯಬೇಕು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೆಲದಲ್ಲಿ ಉಳಿಯುವ ಚಕ್ರಗಳಿಗೆ ಮುಂದೂ ಹಿಂದೂ ಅಡ್ಡಗಲ್ಲು ಕೊಟ್ಟು, ಪರೀಕ್ಷಿಸಬೇಕಾದ ಚಕ್ರವನ್ನು ಜಾಕಿನಿಂದ ಎತ್ತಿರಿ. ಒಬ್ಬರು ಕಾಲಿನ ಬ್ರೇಕನ್ನು ಒತ್ತಿ ಹಿಡಿಯಲಿ. ಇನ್ನೊಬ್ಬರು ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಲೆತ್ನಿಸಲಿ. ಹಬ್ಬು ನಿಂತೇ ಇದ್ದು ಚಕ್ರ ಮಾತ್ರ ಅಲುಗಿದರೆ ನಟ್ಟು ಸಡಿಲವಾಗಿದೆ ಅಥವಾ ಹಲ್ಲು ಸವೆದಿದೆ. ಗಾಡಿಯ ಅಡಿಗೆ ಮಾತ್ರ ಯಾರೂ ಕೈಕಾಲುಗಳನ್ನು ಇಡಕೂಡದು.

ಚಕ್ರವನ್ನು ಕಳಚಿದಾಗ ಹಲ್ಲುಗಳನ್ನೂ ಇಳಿಜಾರು ಮೈಗಳನ್ನೂ ಬಟ್ಟೆಯಿಂದ ಒರಸಿ ತೆಳ್ಳಗೆ ಗ್ರೀಸು ಸವರತಕ್ಕದ್ದು. ಆ ಮೈಗಳ ಮೇಲೆ ಬಣ್ಣವಿರಕೂಡದು. ಬಣ್ಣವು ಒತ್ತಡಕ್ಕೆ ಜಗ್ಗಿ ಹೋದರೆ ನಟ್ಟು ಸಡಿಲವಾಗುವುದು. ಚಕ್ರವು ಎತ್ತಿರುವಾಗಲೇ ನಟ್ಟನ್ನು ಬಿಗಿದರೆ ನಾಭಿ ನಟ್ಟನಡುವೆ ಕೂಡುವುದು. ಗಾಡಿಯನ್ನು ಇಳಿಸಿದ ಮೇಲೆ ಮತ್ತೊಮ್ಮೆ ನೋಡಬೇಕು. ಸುತ್ತಿಗೆಯು ತಾಮ್ರದ್ದೋ ತೊಗಲಿನದ್ದೋ ಆಗಿರಲಿ; ಉಕ್ಕಿನದಾದರೆ ನಟ್ಟು ಜಜ್ಜಿಹೋಗಿ ಚೂರುಗಳು ಸಿಡಿಯುವವು. ಕೆಲವು ಮೈಲಿ ಓಡಿಸಿದ ಮೇಲೆ ನಿಲ್ಲಿಸಿ ಪುನಃ ಬಿಗಿದುಕೊಳ್ಳತಕ್ಕದ್ದು. ನಟ್ಟು ತಾನೇ ಬಿಗಿಯುವುದೆಂಬ ಧೈರ್ಯದಿಂದ ಇದನ್ನು ಬಿಡಕೂಡದು. ಮೊದಲೇ ಬಿಗಿಯಾಗಿರುವ ನಟ್ಟನ್ನು ಕಾಯುವುದಷ್ಟೇ ಆ ಶಕ್ತಿಯ ಕೆಲಸ.

ಕಡೆಯದಾಗಿ ಟೈರಿನ ವಯಸ್ಸು. ವರ್ಷಕ್ಕೆ ನಾಲ್ಕು ಸಾರಿ ಹೊರಡುವ ಹಳೆಯ ಗಾಡಿಯ ಟೈರು ಸವೆಯುವುದಿಲ್ಲ. ಆದರೆ ರಬ್ಬರು ಮುದಿಯಾಗುವುದು. ೨೦೦೦ನೆಯ ಇಸವಿಯಿಂದೀಚೆಗಿನ ಟೈರುಗಳ ಪಕ್ಕದಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿಗಳನ್ನು ಒತ್ತಿರುವರು. ಅದು ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಬ್ರಿಟನ್ನಿನಲ್ಲಿ ೨೦೨೧ರಿಂದ ಬಸ್ಸು ಲಾರಿಗಳ ಮುಂದಿನ ಚಕ್ರಗಳಿಗೆ ೧೦ ವರ್ಷ ಮೀರಿದ ಟೈರು ನಿಷಿದ್ಧವಾಗಿದೆ. ಕಾರುಗಳಿಗೆ ಆ ವಿಧಿಯಿಲ್ಲದಿದ್ದರೂ ಅದರ ಹಿಂದಿರುವ ವಿವೇಕವು ಅವುಗಳಿಗೂ ಸಲ್ಲುವುದು.

ಲ ಮಾನಿನ ಆರು ಮಂದಿ ಸ್ತ್ರೀಯರು ಗುರಿಮುಟ್ಟಿದ್ದು ಧೈರ್ಯದಿಂದ ಮಾತ್ರವೇ ಅಲ್ಲ. ಗಾಡಿಯ ಒಂದೊಂದು ನಟ್ಟೂ ತನ್ನ ತನ್ನ ಬದಿಯಲ್ಲಿ ಬಿಗಿಯಾಗಿ ಕುಳಿತಿದ್ದರಿಂದಲೂ ಹೌದು. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಗಾಡಿ ನಡಿಸುವರು. ಅದು ಹಳೆಯದಿರಲಿ ಹೊಸದಿರಲಿ, ಹೊರಡುವ ಮುನ್ನ ಚಕ್ರಗಳ ಸುತ್ತ ಒಮ್ಮೆ ನಡೆದು, ಬಾಗಿ, ಕೈಯಿಂದ ಮುಟ್ಟಿ ನೋಡುವ ಅಭ್ಯಾಸವನ್ನು ತಾಯಂದಿರೂ ತಂದೆಯರೂ ಅವರಿಗೆ ಕಲಿಸಲಿ. ಅದಕ್ಕೆ ಬೇಕಾಗುವುದು ಎರಡು ನಿಮಿಷ.